ಬೆಂಕಿಯಿಲ್ಲದ ಒಲೆಯನ್ನು ಕಂಡ ಪರ್ಸಿ ಸ್ಪೆನ್ಸರ್

ವಿಜ್ಞಾನಿಗಳ ಜೀವನಚರಿತ್ರೆಗಳಲ್ಲಿ ಆಕಸ್ಮಿಕದ ಕಥೆಗಳಿಗೆ ಒಂದು ವಿಶೇಷವಾದ ಆಕರ್ಷಣೆಯುಂಟು. ನ್ಯೂಟನ್ನನ ಸೇಬನ್ನೂ ಆರ್ಕಿಮಿಡೀಸನ ಸ್ನಾನದ ತೊಟ್ಟಿಯನ್ನೂ ಕೇಳಿ ಅರಿಯದ ವಿದ್ಯಾರ್ಥಿಯಿಲ್ಲ. ಅದೇ ಸಾಲಿಗೆ ಇಪ್ಪತ್ತನೆಯ ಶತಮಾನ ಸೇರಿಸಿದ ಕಥೆ, ಪರ್ಸಿ ಸ್ಪೆನ್ಸರನ ಜೇಬಿನಲ್ಲಿ ಕರಗಿದ ಮಿಠಾಯಿಯದು. ಇಂದು ಕೋಟ್ಯಂತರ ಅಡಿಗೆಮನೆಗಳಲ್ಲಿರುವ ಮೈಕ್ರೋವೇವ್ ಒಲೆ ಆ ಮಿಠಾಯಿಯಿಂದಲೇ ಹುಟ್ಟಿತೆಂದು ಹೇಳುವುದು ವಾಡಿಕೆ. ಆದರೆ ಮಿಠಾಯಿ ಕರಗಿದ ಆ ಒಂದು ಗಳಿಗೆಯ ಹಿಂದೆ ಮೂವತ್ತು ವರ್ಷಗಳ ಸ್ವಾಧ್ಯಾಯವಿತ್ತು. ಅದನ್ನು ಬಿಟ್ಟು ಕಥೆ ಹೇಳಿದರೆ ಆ ಮನುಷ್ಯನಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಸ್ಪೆನ್ಸರ್ ಹುಟ್ಟಿದ್ದು 1894ರ ಜುಲೈ ತಿಂಗಳಿನಲ್ಲಿ, ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದ ಹೌಲೆಂಡ್ ಎಂಬ ಸಣ್ಣ ಊರಿನಲ್ಲಿ. ಮಗುವಿಗೆ ಒಂದೂವರೆ ವರ್ಷ ತುಂಬುವಷ್ಟರಲ್ಲಿ ತಂದೆ ತೀರಿಕೊಂಡ. ತಾಯಿ ಮಗುವನ್ನು ಬಂಧುಗಳಾದ ದಂಪತಿಗಳ ಮಡಿಲಿಗೆ ಹಾಕಿ ಊರು ಬಿಟ್ಟಳು. ಹುಡುಗನ ಏಳನೆಯ ವಯಸ್ಸಿನಲ್ಲಿ ಆ ಸಾಕುತಂದೆಯೂ ಗತಿಸಿದ. ಹನ್ನೆರಡನೆಯ ವಯಸ್ಸಿಗೆ ಪರ್ಸಿ ಶಾಲೆ ಬಿಟ್ಟು, ನೂಲು ಸುತ್ತುವ ಮರದ ಉರುಳೆಗಳನ್ನು ಮಾಡುವ ಕಾರ್ಖಾನೆಯಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ದುಡಿಯಲಾರಂಭಿಸಿದ.

ಹದಿನಾರನೆಯ ವಯಸ್ಸಿನಲ್ಲಿ, ಸಮೀಪದ ಕಾಗದದ ಗಿರಣಿಯೊಂದಕ್ಕೆ ವಿದ್ಯುತ್ತನ್ನು ಅಳವಡಿಸಲಿದ್ದಾರೆಂಬ ಸುದ್ದಿ ಅವನ ಕಿವಿಗೆ ಬಿತ್ತು. ಆ ಹಳ್ಳಿಗಾಡಿನಲ್ಲಿ ವಿದ್ಯುತ್ತಿನ ವಿಷಯ ತಿಳಿದವರೇ ವಿರಳ. ಹುಡುಗ ಸಿಕ್ಕಿದ್ದನ್ನೆಲ್ಲ ಓದಿ, ಕೆಲಸಕ್ಕೆ ಆರಿಸಲ್ಪಟ್ಟ ಮೂವರಲ್ಲಿ ಒಬ್ಬನಾದ. ಯಾವ ಗುರುವಿನ ಬಳಿಯೂ ಕಲಿಯದ ವಿದ್ಯೆಯನ್ನು ಕೆಲಸ ಮಾಡುತ್ತಲೇ ಕಲಿತ. ಮುಂದಿನ ಬಾಳಿನುದ್ದಕ್ಕೂ ಅವನು ನಡೆದ ದಾರಿ ಇದೇ.

1912ರಲ್ಲಿ ಟೈಟಾನಿಕ್ ಹಡಗು ಮುಳುಗಿತು. ನಿಸ್ತಂತು ಸಂದೇಶದ ಮೂಲಕ ಇತರ ಹಡಗುಗಳನ್ನು ಕೂಗಿ ಕರೆದ ತರುಣರ ಸಾಹಸ ಸ್ಪೆನ್ಸರನ ಮನಸ್ಸನ್ನು ಸೆರೆಹಿಡಿಯಿತು. ಆತ ನೌಕಾಪಡೆಯನ್ನು ಸೇರಿ ನಿಸ್ತಂತು ವಿದ್ಯೆಯನ್ನು ಕಲಿತ. ರಾತ್ರಿಯ ಪಹರೆಯ ವೇಳೆ ಪಠ್ಯಪುಸ್ತಕಗಳನ್ನು ಮುಂದಿಟ್ಟುಕೊಂಡು ತ್ರಿಕೋನಮಿತಿ, ಕಲನಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರ, ಲೋಹಶಾಸ್ತ್ರಗಳನ್ನು ತನಗೆ ತಾನೇ ಬೋಧಿಸಿಕೊಂಡ. ಪರೀಕ್ಷೆಯ ಭಯವಾಗಲಿ ಪದವಿಯ ಆಸೆಯಾಗಲಿ ಆ ಓದಿನ ಹಿಂದೆ ಇರಲಿಲ್ಲ. ಎದುರಿಗಿದ್ದ ಯಂತ್ರ ಹೇಗೆ ನಡೆಯುತ್ತದೆಂಬ ಕುತೂಹಲವೊಂದೇ ಅವನನ್ನು ಎಚ್ಚರವಾಗಿಟ್ಟಿತ್ತು.

1920ರ ದಶಕದಲ್ಲಿ ಆತ ಮ್ಯಾಸಚೂಸೆಟ್ಸ್ ರಾಜ್ಯದ ರೇಥಿಯಾನ್ ಕಂಪನಿಯನ್ನು ಸೇರಿದ. 1922ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ರೇಡಿಯೋ ನಳಿಕೆಗಳನ್ನು ತಯಾರಿಸುತ್ತಿತ್ತು. ಎರಡನೆಯ ಮಹಾಯುದ್ಧ ಆರಂಭವಾಗುವ ವೇಳೆಗೆ ನಳಿಕೆಗಳ ವಿನ್ಯಾಸದಲ್ಲಿ ಸ್ಪೆನ್ಸರನಿಗೆ ಸಮನಾದವರು ಕೆಲವರೇ ಇದ್ದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ರ್‍ಯಾಂಡಲ್ ಮತ್ತು ಬೂಟ್ ಎಂಬ ಇಬ್ಬರು ವಿಜ್ಞಾನಿಗಳು 1940ರಲ್ಲಿ ನಿರ್ಮಿಸಿದ ಮ್ಯಾಗ್ನೆಟ್ರಾನ್ ಎಂಬ ನಳಿಕೆ ರೇಡಾರಿನ ಜೀವಾಳವಾಗಿತ್ತು. ಆದರೆ ತಾಮ್ರದ ಗಟ್ಟಿಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೊರೆದು ಅದನ್ನು ಮಾಡಬೇಕಾಗಿದ್ದುದರಿಂದ ದಿನಕ್ಕೆ 17ಕ್ಕಿಂತ ಹೆಚ್ಚು ತಯಾರಾಗುತ್ತಿರಲಿಲ್ಲ. ಸ್ಪೆನ್ಸರ್ ಗಟ್ಟಿಯನ್ನು ಕೊರೆಯುವುದನ್ನೇ ಬಿಟ್ಟ. ತೆಳುವಾದ ತಾಮ್ರದ ತಗಡುಗಳನ್ನು ಬೇಕಾದ ಆಕಾರಕ್ಕೆ ಅಚ್ಚಿನಲ್ಲಿ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ ಬೆಸುಗೆ ಹಾಕುವ ಉಪಾಯವನ್ನು ಹೂಡಿದ. ನುರಿತ ಕುಶಲಕರ್ಮಿಗಳಿಲ್ಲದೆಯೂ ಉತ್ಪಾದನೆ ಬೆಳೆಯುತ್ತ ದಿನಕ್ಕೆ 2,600ಕ್ಕೆ ಏರಿತು. ಈ ಸೇವೆಗಾಗಿ ನೌಕಾಪಡೆ ಅವನಿಗೆ ನಾಗರಿಕರಿಗೆ ಸಲ್ಲುವ ಉನ್ನತ ಪ್ರಶಸ್ತಿಯನ್ನಿತ್ತು ಗೌರವಿಸಿತು.

1945ರ ಒಂದು ದಿನ, ಕೆಲಸ ಮಾಡುತ್ತಿದ್ದ ಮ್ಯಾಗ್ನೆಟ್ರಾನಿನ ಎದುರು ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತು. ಅದು ಚಾಕೊಲೇಟೆಂದು ಕೆಲವರು, ಕಡಲೆಕಾಯಿಯ ಮಿಠಾಯಿಯೆಂದು ಕೆಲವರು ಹೇಳುತ್ತಾರೆ. ಈ ನಳಿಕೆಗಳ ಬಳಿ ಬಿಸಿ ತಗಲುವುದನ್ನು ಇತರರೂ ಗಮನಿಸಿದ್ದರು, ಆದರೆ ಗಮನಿಸಿ ಸುಮ್ಮನಾಗಿದ್ದರು. ಸ್ಪೆನ್ಸರ್ ಜೋಳದ ಕಾಳುಗಳನ್ನು ತರಿಸಿ ನಳಿಕೆಯ ಮುಂದಿಟ್ಟ. ಅವು ಅರಳಾಗಿ ಚಿಮ್ಮಿದವು. ಅನಂತರ ಇಟ್ಟ ಮೊಟ್ಟೆ ಒಳಗಿನ ಹಬೆಯಿಂದ ಸಿಡಿದು, ಬಗ್ಗಿ ನೋಡುತ್ತಿದ್ದ ಸಹೋದ್ಯೋಗಿಯ ಮುಖಕ್ಕೆ ರಾಚಿತಂತೆ.

ಇದರ ತತ್ತ್ವ ಸರಳವಾದುದು. ನೀರಿನ ಅಣುವಿನ ಒಂದು ಕಡೆ ಧನವಿದ್ಯುತ್ತಿನ ಅಂಶವೂ ಇನ್ನೊಂದು ಕಡೆ ಋಣವಿದ್ಯುತ್ತಿನ ಅಂಶವೂ ಇರುತ್ತವೆ. ಸೆಕೆಂಡಿಗೆ ಸುಮಾರು 245 ಕೋಟಿ ಆವರ್ತಗಳಲ್ಲಿ ದಿಕ್ಕು ಬದಲಿಸುವ ತರಂಗದೊಡನೆ ತಾನೂ ತಿರುಗಲು ಆ ಅಣು ಹೆಣಗುತ್ತದೆ. ನೆರೆಯ ಅಣುಗಳೊಡನೆ ತಿಕ್ಕಾಡುತ್ತದೆ. ಆ ತಿಕ್ಕಾಟವೇ ಶಾಖವಾಗುತ್ತದೆ. ರೇಡಿಯೋ ತರಂಗಗಳಿಂದ ಆಹಾರವನ್ನು ಬೇಯಿಸುವುದು ಹೊಸ ಕಲ್ಪನೆಯೇನಲ್ಲ. 1933ರ ಷಿಕಾಗೊ ವಿಶ್ವಮೇಳದಲ್ಲಿಯೇ ಲೋಹದ ಫಲಕಗಳ ನಡುವೆ ಅದನ್ನು ಮಾಡಿ ತೋರಿಸಲಾಗಿತ್ತು. ಆದರೆ ಅಲ್ಲಿ ಬಳಸಿದ ತರಂಗಗಳು ಹಲವು ಮೀಟರ್ ಉದ್ದದವು. ಬೇಯಿಸುವ ಪದಾರ್ಥದ ಗಾತ್ರಕ್ಕೆ ಹೊಂದುವ, ಕೆಲವೇ ಸೆಂಟಿಮೀಟರ್ ಉದ್ದದ ತರಂಗಗಳನ್ನು ಬಳಸಬೇಕೆಂಬುದು ಸ್ಪೆನ್ಸರನ ಶೋಧ. 1945ರ ಅಕ್ಟೋಬರ್ 8ರಂದು ಆತ ಸಲ್ಲಿಸಿದ ಅರ್ಜಿಗೆ 1950ರ ಜನವರಿ 24ರಂದು ಪೇಟೆಂಟ್ ದೊರೆಯಿತು.

ಅವನ ದೃಷ್ಟಿ ಒಲೆಯಲ್ಲಿಯೇ ನಿಲ್ಲಲಿಲ್ಲವೆಂಬುದು ಇನ್ನೂ ಸ್ವಾರಸ್ಯದ ಸಂಗತಿ. ಬೆಂಕಿಯ ಒಲೆಯಲ್ಲಿ ಮೊದಲು ಕಾಯುವುದು ಪಾತ್ರೆ, ಅನಂತರ ಅನ್ನ. ಇಲ್ಲಿ ಶಾಖ ಹುಟ್ಟುವುದೇ ಅನ್ನದೊಳಗೆ. ಹಾಗಾದರೆ ಪಾತ್ರೆ ಲೋಹದ್ದಾಗಿರಬೇಕಾಗಿಲ್ಲ, ಕಾಗದವೂ ಸಾಕು. ಕಟ್ಟಿ ಮಾರಿದ ಪೊಟ್ಟಣವೇ ಬೇಯಿಸುವ ಪಾತ್ರೆಯೂ ಆಗಬಹುದು. ಜೋಳದ ತೆನೆಯನ್ನು ಹಾಗೆಯೇ ಚೀಲದಲ್ಲಿಟ್ಟು, ಕಾಳು ಚೀಲದೊಳಗೇ ಅರಳುವಂತೆ ಮಾಡುವ ವಿಧಾನಕ್ಕೆ 1949ರಲ್ಲಿಯೇ ಆತ ಪೇಟೆಂಟ್ ಪಡೆದ. ಅರಳಿನ ಇಂಥ ಪೊಟ್ಟಣಗಳು ಅಂಗಡಿಗಳನ್ನು ತುಂಬಿದ್ದು 1980ರ ದಶಕದಲ್ಲಿ, ಆತ ಗತಿಸಿ ಹತ್ತು ವರ್ಷಗಳಾದ ಮೇಲೆ. ಒಲೆಯೊಳಗಿನ ಗಾಳಿ ತಣ್ಣಗೆ ಉಳಿಯುವುದರಿಂದ ತಿಂಡಿಯ ಮೇಲ್ಮೈ ಕೆಂಪಗೆ ಗರಿಗರಿಯಾಗುವುದಿಲ್ಲವೆಂಬ ಕೊರತೆಯನ್ನು ನೀಗಿದ್ದೂ ಪೊಟ್ಟಣವೇ. ಅದರ ಒಳಮೈಗೆ ಹಚ್ಚಿದ ಅತಿ ತೆಳುವಾದ ಲೋಹದ ಲೇಪ ತರಂಗಗಳನ್ನು ಹೀರಿ ತಾನೇ ಕಾದು, ಕಾವಲಿಯ ಕೆಲಸ ಮಾಡುತ್ತದೆ.

ಹೊಸ ಒಲೆ ಮನೆಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. 1947ರಲ್ಲಿ ಹೊರಬಂದ ರೇಡಾರೇಂಜ್ ಎಂಬ ಮೊದಲ ಒಲೆ ಆಳೆತ್ತರವಿದ್ದು ಸುಮಾರು 340 ಕಿಲೋಗ್ರಾಂ ತೂಗುತ್ತಿತ್ತು. ಅದನ್ನು ತಂಪಾಗಿಡಲು ನೀರಿನ ಕೊಳವೆಯನ್ನೂ ಜೋಡಿಸಬೇಕಾಗಿತ್ತು. ಹಡಗುಗಳು, ದೊಡ್ಡ ಹೋಟೆಲುಗಳು ಮಾತ್ರವೇ ಅದನ್ನು ಕೊಳ್ಳಬಲ್ಲವಾಗಿದ್ದವು. 1955ರಲ್ಲಿ ಟ್ಯಾಪನ್ ಕಂಪನಿ ತಂದ ಮನೆಬಳಕೆಯ ಒಲೆಗೆ 1,295 ಡಾಲರ್ ಬೆಲೆ. 1967ರಲ್ಲಿ ಅಮಾನಾ ಕಂಪನಿ ಮೇಜಿನ ಮೇಲಿಡಬಹುದಾದ ಒಲೆಯನ್ನು 495 ಡಾಲರಿಗೆ ಮಾರಾಟಕ್ಕಿಟ್ಟ ಮೇಲೆಯೇ ಅದು ಗೃಹಿಣಿಯ ಕೈಗೆಟುಕಿತು. ಆ ದಿನವನ್ನು ಕಾಣಲು ಸ್ಪೆನ್ಸರ್ ಬದುಕಿದ್ದ. 1970ರ ಸೆಪ್ಟೆಂಬರ್ 8ರಂದು, ತನ್ನ 76ನೆಯ ವಯಸ್ಸಿನಲ್ಲಿ ಆತ ಕಾಲವಾದ.

ಈ ಶೋಧಕ್ಕಾಗಿ ಅವನಿಗೆ ಪ್ರತ್ಯೇಕವಾಗಿ ಸಂದದ್ದು, ಕಂಪನಿಯ ರೂಢಿಯಂತೆ, ಎರಡು ಡಾಲರುಗಳೆಂದು ಹೇಳುತ್ತಾರೆ. ಸ್ಥಾನಮಾನಗಳಿಗೇನೂ ಕೊರತೆಯಾಗಲಿಲ್ಲ. ಕಂಪನಿಯ ಹಿರಿಯ ಉಪಾಧ್ಯಕ್ಷನಾಗಿ, ಆಡಳಿತ ಮಂಡಲಿಯ ಸದಸ್ಯನಾಗಿ ಆತ ಏರಿದ. ನೂರಕ್ಕೂ ಮಿಕ್ಕಿ ಪೇಟೆಂಟುಗಳನ್ನು ಪಡೆದ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಹನ್ನೆರಡನೆಯ ವಯಸ್ಸಿಗೆ ಶಾಲೆಯ ಬಾಗಿಲು ಮುಚ್ಚಿದ ಹುಡುಗನಿಗೆ ಸಂದ ಗೌರವವಿದು.

ಇದರಿಂದ ಶಾಲೆ ಅನಾವಶ್ಯಕವೆಂದು ಯಾರೂ ಭಾವಿಸಬೇಕಾಗಿಲ್ಲ. ಶಾಲೆ ಕೊಡಬೇಕಾಗಿದ್ದುದನ್ನು ಸ್ಪೆನ್ಸರ್ ಇಮ್ಮಡಿ ಬೆಲೆ ತೆತ್ತು, ನಿದ್ದೆಗೆಟ್ಟು ಸಂಪಾದಿಸಿದ. ತರಂಗವನ್ನೂ ಲೋಹವನ್ನೂ ಬಲ್ಲವನಾಗಿದ್ದುದರಿಂದಲೇ ಕರಗಿದ ಮಿಠಾಯಿ ಅವನಿಗೆ ಜೇಬಿನ ಕಲೆಯಾಗಿ ಕಾಣದೆ ಪ್ರಶ್ನೆಯಾಗಿ ಕಂಡಿತು. ಉಪಾಧ್ಯಾಯರು ತರಗತಿಯಲ್ಲಿ ಆ ಮಿಠಾಯಿಯ ಕಥೆಯನ್ನು ಹೇಳುವಾಗ, ರಾತ್ರಿಯ ಪಹರೆಯಲ್ಲಿ ತೆರೆದಿದ್ದ ಆ ಪಠ್ಯಪುಸ್ತಕಗಳ ಕಥೆಯನ್ನೂ ಜೊತೆಗೆ ಹೇಳಿದರೆ ಒಳ್ಳೆಯದು.