ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆಯವರು

ವಕೀಲನನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದೆ, ತನ್ನ ಕಾಗದಪತ್ರಗಳ ಗಂಟನ್ನು ತಾನೇ ಕಂಕುಳಲ್ಲಿರಿಸಿಕೊಂಡು ನ್ಯಾಯಾಸ್ಥಾನದ ಮೆಟ್ಟಲೇರುವ ದಾವೆಗಾರನನ್ನು ನಾವೆಲ್ಲರೂ ಕಂಡಿದ್ದೇವೆ. ಕಾಯಿದೆಯು ಅವನನ್ನು ಹೊರಗೆ ನಿಲ್ಲಿಸಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೂರನೆಯ ಆದೇಶದ ಮೊದಲನೆಯ ನಿಯಮದಂತೆ ಪಕ್ಷಗಾರನು ತಾನೇ ಹಾಜರಾಗಿ ತನ್ನ ವ್ಯವಹಾರವನ್ನು ನಡೆಯಿಸಬಹುದು. ಅಷ್ಟೇ ಅಲ್ಲ, ಯಾವುದೊಂದು ಶಾಸನವು ರಾಜ್ಯಘಟನೆಗೆ ವಿರುದ್ಧವೆಂಬ ಪ್ರಶ್ನೆಯು ಅವನ ದಾವೆಯಲ್ಲಿ ನಿಜವಾಗಿ ಎದ್ದು, ಅದು ಹೌದೆಂದು ಕೆಳಗಿನ ನ್ಯಾಯಾಧೀಶರಿಗೆ ತೋರಿ, ಆ ಕುರಿತು ಮೇಲಿನ ನ್ಯಾಯಾಲಯಗಳ ತೀರ್ಪು ಇಲ್ಲದಿದ್ದರೆ, ಅದೇ ಸಂಹಿತೆಯ 113ನೆಯ ಕಲಮಿನಂತೆ ಅವರು ಆ ಪ್ರಶ್ನೆಯನ್ನು ಉಚ್ಚ ನ್ಯಾಯಾಲಯಕ್ಕೆ ಕಳುಹಿಸಬೇಕು. ಹೊಸಪೇಟೆಯ ನ್ಯಾಯಾಲಯದಲ್ಲಿ ಗಾದಿಗನೂರಿನ ಒಕ್ಕಲಿಗನೊಬ್ಬನು ಎತ್ತಿದ ಮಾತು ಹೀಗೆ ಮೇಲಕ್ಕೆ ಏರಿ ಹೋಗಲು ದಾರಿಯಿದೆ.

ಆದರೆ ಈ ದಾರಿಯೆಲ್ಲವೂ ರಾಜ್ಯಘಟನೆಯೆಂಬ ಬುನಾದಿಯ ಮೇಲೆ ನಿಂತಿದೆ. ಆ ಬುನಾದಿಯನ್ನೇ ಅಧಿಕಾರಸ್ಥರು ಬಹುಮತದ ಬಲದಿಂದ ಕಿತ್ತು ಹಾಕಬಹುದಾದರೆ ದಾವೆಗಾರನ ಕಂಕುಳಲ್ಲಿರುವ ಗಂಟು ಬರಿಯ ಕಾಗದವಾಗುವುದು. ಕಿತ್ತು ಹಾಕಲಾಗದೆಂದು ತೀರ್ಪಿತ್ತವರಲ್ಲಿ ಒಬ್ಬರಾಗಿದ್ದು, ಮರುದಿನವೇ ಪದವಿಯನ್ನು ಕಳೆದುಕೊಂಡ ಕನ್ನಡ ನಾಡಿನ ಮಹನೀಯರ ಚರಿತ್ರೆಯನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಸದಾನಂದ ಹೆಗ್ಡೆಯವರು 1909ನೆಯ ಇಸವಿ ಜೂನ್ 11ರಂದು ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಜನಿಸಿದರು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಯದೇ ಲಾ ಕಾಲೇಜು ಇವುಗಳಲ್ಲಿ ವಿದ್ಯಾಭ್ಯಾಸ ಮಾಡಿ ಜಿಲ್ಲೆಗೆ ಮರಳಿ ವಕೀಲಿಯನ್ನು ಕೈಕೊಂಡರು. 1947ರಿಂದ 1951ರ ವರೆಗೆ ಸರಕಾರಿ ವಕೀಲರಾಗಿದ್ದರು. ಆಗ ದಕ್ಷಿಣ ಕನ್ನಡವೂ ನಮ್ಮ ಬಳ್ಳಾರಿಯೂ ಮದರಾಸಿನ ಆಡಳಿತದಲ್ಲಿಯೇ ಇದ್ದುವು; ಬಳ್ಳಾರಿಯು ಮೈಸೂರಿಗೆ ಸೇರಿದ್ದು 1953ರಲ್ಲಿ, ದಕ್ಷಿಣ ಕನ್ನಡವು ಸೇರಿದ್ದು 1956ರಲ್ಲಿ. ಆ ಮದರಾಸು ರಾಜ್ಯದಿಂದಲೇ ಹೆಗ್ಡೆಯವರು 1952ರಲ್ಲಿ ಕಾಂಗ್ರೆಸ್ ಪಕ್ಷದವರಾಗಿ ರಾಜ್ಯಸಭೆಗೆ ಆರಿಸಿ ಹೋದರು. 1957ರಲ್ಲಿ ಸದಸ್ಯತ್ವವನ್ನು ಬಿಟ್ಟು ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. 1966ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಹೊಸದಾಗಿ ಸ್ಥಾಪಿತವಾದಾಗ ಅದರ ಮೊದಲನೆಯ ಮುಖ್ಯ ನ್ಯಾಯಮೂರ್ತಿಗಳಾಗಿ ಹೋಗಿ, 1967ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಪೀಠವನ್ನೇರಿದರು.

ಅವರ ತೀರ್ಪುಗಳಲ್ಲಿ ಸಾಮಾನ್ಯ ಪ್ರಜೆಗೆ ಹೆಚ್ಚು ಉಪಕಾರವಾದುದು 1969ರ ಏಪ್ರಿಲ್ ತಿಂಗಳಲ್ಲಿ ಐವರ ಪೀಠದ ಪರವಾಗಿ ಅವರು ಬರೆದ ಕ್ರೈಪಾಕ್ ಪ್ರಕರಣದ ತೀರ್ಪೆಂದು ನಾವು ಭಾವಿಸುತ್ತೇವೆ. ಜಮ್ಮು-ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಲಿಯೊಂದು ಕುಳಿತಿತು. ಆ ಮಂಡಲಿಯ ಸದಸ್ಯರಲ್ಲಿ ಒಬ್ಬರು ತಾವೇ ಅಭ್ಯರ್ಥಿಗಳೂ ಆಗಿದ್ದರು. ತಮ್ಮ ಹೆಸರು ಬಂದಾಗ ಅವರು ಎದ್ದು ಹೊರಗೆ ಹೋದರೇನೋ ನಿಜ. ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಮಾತ್ರ ಒಳಗೇ ಇದ್ದರು. ಇದು ಬರಿಯ ಆಡಳಿತದ ಕೆಲಸ, ನ್ಯಾಯವಿಚಾರಣೆಯಲ್ಲ, ಆದುದರಿಂದ ಕೋರ್ಟು ಕೈಹಾಕಕೂಡದೆಂದು ಸರಕಾರವು ವಾದಿಸಿತು. ಹೆಗ್ಡೆಯವರು ಅದನ್ನೊಪ್ಪಲಿಲ್ಲ. ಆಡಳಿತಕ್ಕೂ ನ್ಯಾಯವಿಚಾರಣೆಗೂ ನಡುವಣ ಗೆರೆಯು ದಿನೇ ದಿನೇ ತೆಳುವಾಗುತ್ತಿದೆಯೆಂದೂ, ಅನ್ಯಾಯವನ್ನು ತಡೆಯುವುದೇ ಸಹಜ ನ್ಯಾಯದ ಉದ್ದೇಶವಾಗಿರಲು ಅದು ಆಡಳಿತಾಧಿಕಾರಿಗೂ ಅನ್ವಯಿಸಬೇಕೆಂದೂ ನಿರ್ಣಯಿಸಿ ಆ ಆಯ್ಕೆಯನ್ನು ರದ್ದುಗೊಳಿಸಿದರು. ಇಂದು ಕಚೇರಿಯ ಆಜ್ಞೆಯೊಂದರಿಂದ ನೊಂದು, ತನ್ನ ಮಾತನ್ನು ಯಾರೂ ಕೇಳಲಿಲ್ಲವೆಂದು ದೂರುವ ಪ್ರತಿಯೊಬ್ಬನೂ ಆ ತೀರ್ಪಿನ ನೆರಳಿನಲ್ಲಿ ನಿಂತಿರುವನು.

1970ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣದ ಮೊದಲ ಶಾಸನವೂ ರಾಜಧನವನ್ನು ನಿಲ್ಲಿಸಿದ ಆಜ್ಞೆಯೂ ಕೋರ್ಟಿನಲ್ಲಿ ಬಿದ್ದುಹೋದುವು. ಎರಡರಲ್ಲಿಯೂ ಹೆಗ್ಡೆಯವರು ಬಹುಮತದಲ್ಲಿದ್ದರು. ಎರಡರಲ್ಲಿಯೂ ಭಿನ್ನಾಭಿಪ್ರಾಯ ಕೊಟ್ಟವರಲ್ಲಿ ಎ. ಎನ್. ರೇ ಅವರಿದ್ದರು. ನ್ಯಾಯಾಧೀಶರು ಧನಿಕರ ಮತ್ತು ಅರಸುಮಕ್ಕಳ ಪಕ್ಷಪಾತಿಗಳೆಂಬ ಕೂಗು ಆಗ ಎದ್ದಿತು. ಈ ಆಕ್ಷೇಪವನ್ನು ನಾವು ತುಚ್ಛವೆಂದು ತಳ್ಳಿಬಿಡುವುದಿಲ್ಲ. ಉಳುವವನಿಗೆ ಭೂಮಿ ದೊರೆಯಬೇಕೆಂಬ ಶಾಸನಗಳಿಗೆ ಆಸ್ತಿಯ ಹಕ್ಕು ಅನೇಕ ವರ್ಷ ಅಡ್ಡಗಾಲಾದುದು ಸತ್ಯ. 1951ರ ಒಂದನೆಯ ತಿದ್ದುಪಡಿಯು ಅದಕ್ಕಾಗಿಯೇ ಒಂಬತ್ತನೆಯ ಅನುಸೂಚಿಯನ್ನು ಸೃಷ್ಟಿಸಿತು. 1967ರ ಗೋಲಕನಾಥ ಪ್ರಕರಣದಲ್ಲಿ ಆರಕ್ಕೆ ಐದರ ಬಹುಮತದಿಂದ, ಮೂಲಭೂತ ಹಕ್ಕುಗಳನ್ನು ಪಾರ್ಲಿಮೆಂಟು ಮೊಟಕುಗೊಳಿಸಲಾಗದೆಂದು ಕೋರ್ಟು ಹೇಳಿದಾಗ, 1971ರಲ್ಲಿ 24ನೆಯ ತಿದ್ದುಪಡಿಯಿಂದ ಪಾರ್ಲಿಮೆಂಟು ಆ ಅಧಿಕಾರವನ್ನು ಮರಳಿ ತೆಗೆದುಕೊಂಡಿತು. 25ನೆಯದು ಇನ್ನೂ ಮುಂದೆ ಹೋಗಿ, ಕೆಲವು ಧ್ಯೇಯಗಳಿಗಾಗಿ ಮಾಡಿದುದೆಂದು ಘೋಷಿಸಿದ ಶಾಸನವನ್ನು, ಅದು ನಿಜವಾಗಿಯೂ ಆ ಧ್ಯೇಯವನ್ನು ಸಾಧಿಸುವುದೋ ಇಲ್ಲವೋ ಎಂದು ಯಾವ ಕೋರ್ಟೂ ಕೇಳಕೂಡದೆಂದು ವಿಧಿಸಿತು.

ಈ ಸಂದರ್ಭದಲ್ಲಿ ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳ ಅರ್ಜಿಯು ಸುಪ್ರೀಂ ಕೋರ್ಟಿನ ಮುಂದಿತ್ತು. ಕೇರಳದ ಭೂಸುಧಾರಣೆಯ ಶಾಸನದಿಂದ ಮಠದ ಭೂಮಿಗೆ ಬಂದ ಬಾಧೆಯನ್ನು ಕುರಿತು 1970ರಲ್ಲಿ ಸ್ವಾಮಿಗಳು ಸಲ್ಲಿಸಿದ ಆ ಅರ್ಜಿಯು 24, 25 ಮತ್ತು 29ನೆಯ ತಿದ್ದುಪಡಿಗಳ ಪರೀಕ್ಷೆಯಾಗಿ ಬೆಳೆಯಿತು. ಹದಿಮೂವರು ನ್ಯಾಯಮೂರ್ತಿಗಳು 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರ ವರೆಗೆ 68 ದಿನ ವಾದಗಳನ್ನು ಕೇಳಿ, ಏಪ್ರಿಲ್ 24ರಂದು ಏಳಕ್ಕೆ ಆರರಂತೆ ತೀರ್ಪಿತ್ತರು. ರಾಜ್ಯಘಟನೆಯ ಯಾವ ವಿಧಿಯನ್ನಾದರೂ ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಮಾತ್ರ ಅಳಿಸಕೂಡದು ಎಂಬುದು ಅದರ ಸಾರ.

ಹೆಗ್ಡೆಯವರು ನ್ಯಾಯಮೂರ್ತಿ ಮುಖರ್ಜಿಯವರೊಡನೆ ಕೂಡಿ ಬರೆದ ಅಭಿಪ್ರಾಯವನ್ನು ಆಕ್ಷೇಪಕರು ಅವಶ್ಯವಾಗಿ ಗಮನಿಸಬೇಕು. ಅಳಿಸಲಾಗದ ಲಕ್ಷಣಗಳೆಂದು ಅವರಿಬ್ಬರೂ ದೇಶದ ಸಾರ್ವಭೌಮತ್ವ, ಪ್ರಜಾಸತ್ತೆ, ಐಕ್ಯ, ವ್ಯಕ್ತಿಸ್ವಾತಂತ್ರ್ಯದ ತಿರುಳು ಇವುಗಳನ್ನು ಎಣಿಸಿದುದಲ್ಲದೆ, ಸಮಾನತೆಯುಳ್ಳ ಕಲ್ಯಾಣರಾಜ್ಯವನ್ನು ಕಟ್ಟಬೇಕೆಂಬ ಕಟ್ಟಳೆಯನ್ನೂ ಅದೇ ಸಾಲಿನಲ್ಲಿ ಇರಿಸಿದರು. ಧನಿಕರ ಪಕ್ಷಪಾತಿಗಳು ಹೀಗೆ ಬರೆಯುತ್ತಿರಲಿಲ್ಲ. ಭೂಸುಧಾರಣೆಯ ಕೆಲಸವೂ ನಿಲ್ಲಲಿಲ್ಲ. 24ನೆಯ ಮತ್ತು 29ನೆಯ ತಿದ್ದುಪಡಿಗಳು ಉಳಿದುವು. 25ನೆಯದರಲ್ಲಿ ಕೋರ್ಟಿನ ಬಾಯಿ ಕಟ್ಟುವ ಭಾಗವು ಬಿದ್ದಿತು. ಮಠದ ದಾವೆಯು ಸೋತಿತು, ಪ್ರಜೆಯು ಗೆದ್ದನು.

ಏಪ್ರಿಲ್ 25ರಂದು ಸರಕಾರವು ಹೊಸ ಮುಖ್ಯ ನ್ಯಾಯಮೂರ್ತಿಯ ಹೆಸರನ್ನು ಪ್ರಕಟಿಸಿತು. ಸೇವಾಹಿರಿತನದಂತೆ ಶೆಲತ್, ಹೆಗ್ಡೆ, ಗ್ರೋವರ್ ಎಂಬ ಮೂವರು ಮುಂದಿದ್ದರು. ಮೂವರೂ ಬಹುಮತದಲ್ಲಿದ್ದವರು. ಅವರನ್ನು ದಾಟಿ, ಅಲ್ಪಮತದಲ್ಲಿದ್ದ ರೇ ಅವರನ್ನು ನೇಮಿಸಲಾಯಿತು. ನ್ಯಾಯಾಧೀಶರ ಧೋರಣೆಯನ್ನು ನೋಡಿ ನೇಮಿಸುವ ಅಧಿಕಾರ ಸರಕಾರಕ್ಕಿದೆಯೆಂದು ಉಕ್ಕು ಮತ್ತು ಗಣಿಗಳ ಮಂತ್ರಿಗಳಾಗಿದ್ದ ಮೋಹನ ಕುಮಾರಮಂಗಲಂ ಅವರು ಪಾರ್ಲಿಮೆಂಟಿನಲ್ಲಿ ಸಮರ್ಥಿಸಿದರು. ಶೆಲತ್ ಅವರು 1973ರ ಜುಲೈಯಲ್ಲಿ ನಿವೃತ್ತರಾಗಬೇಕಾಗಿದ್ದುದರಿಂದ, ಪದ್ಧತಿಯು ನಡೆದಿದ್ದರೆ ಹೆಗ್ಡೆಯವರು 1974ರ ಜೂನ್ ವರೆಗೆ ಸುಮಾರು ಒಂದು ವರ್ಷ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿರುತ್ತಿದ್ದರು. ಕಿರಿಯರ ಕೈಕೆಳಗೆ ಸುಮ್ಮನೆ ಕುಳಿತು ಆ ಅವಧಿಯನ್ನು ಕಳೆಯುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಏಪ್ರಿಲ್ 30ರಂದು ರಾಜೀನಾಮೆಯಿತ್ತು ಹೊರಬಂದರು. ಉಳಿದಿಬ್ಬರೂ ರಾಜೀನಾಮೆ ಕೊಟ್ಟರು.

ಈ ನೇಮಕಕ್ಕೆ ಇನ್ನೊಂದು ಕಾರಣವನ್ನೂ ಅನೇಕರು ನಂಬಿದರು. ರಾಯಬರೇಲಿಯ ಚುನಾವಣೆಯನ್ನು ಕುರಿತು ಇಂದಿರಾ ಗಾಂಧಿಯವರ ಮೇಲೆ ರಾಜನಾರಾಯಣರು ಹೂಡಿದ ಅರ್ಜಿಯಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ಕೈಬಿಟ್ಟಿದ್ದ ಕೆಲವು ವಿವಾದಾಂಶಗಳನ್ನು 1972ರಲ್ಲಿ ಹೆಗ್ಡೆಯವರಿದ್ದ ಪೀಠವು ವಿಚಾರಣೆಗೆ ಮರಳಿ ಸೇರಿಸಿತ್ತು. ಚುನಾವಣಾ ಅರ್ಜಿಯು ಬಹುಮಟ್ಟಿಗೆ ಸಿವಿಲ್ ದಾವೆಯ ವಿಧಾನದಲ್ಲಿಯೇ ನಡೆಯತಕ್ಕುದು. ಅಲ್ಲಿ ಪ್ರಧಾನಮಂತ್ರಿಯೂ ಒಬ್ಬ ಪ್ರತಿವಾದಿ ಮಾತ್ರ. 1975ರ ಜೂನ್ 12ರಂದು ಆ ಚುನಾವಣೆಯು ಅಸಿಂಧುವಾಯಿತು. ತಿಂಗಳು ಮುಗಿಯುವುದರೊಳಗೆ ತುರ್ತುಪರಿಸ್ಥಿತಿಯು ಬಂದಿತು. ಪ್ರಧಾನಮಂತ್ರಿಯ ಚುನಾವಣೆಯನ್ನು ಕೋರ್ಟಿನ ಕೈಯಿಂದ ತಪ್ಪಿಸಲು ಆಗಸ್ಟ್ ತಿಂಗಳಲ್ಲಿ 39ನೆಯ ತಿದ್ದುಪಡಿಯಾಯಿತು. ನವೆಂಬರ್ 7ರಂದು ಸುಪ್ರೀಂ ಕೋರ್ಟು ಇಂದಿರಾ ಗಾಂಧಿಯವರ ಚುನಾವಣೆಯನ್ನು ಎತ್ತಿಹಿಡಿಯಿತಾದರೂ, ಆ ತಿದ್ದುಪಡಿಯ ಮುಖ್ಯ ಭಾಗವನ್ನು ಮೂಲ ಸ್ವರೂಪದ ತತ್ತ್ವದಿಂದಲೇ ಹೊಡೆದು ಹಾಕಿತು. ಹೆಗ್ಡೆಯವರು ಪೀಠದಲ್ಲಿರಲಿಲ್ಲ, ಅವರ ಮಾತು ಅಲ್ಲಿತ್ತು.

1976ರ 42ನೆಯ ತಿದ್ದುಪಡಿಯು ಸಾಮಾನ್ಯ ದಾವೆಗಾರನ ಬಾಗಿಲಿಗೇ ಅಗುಳಿ ಹಾಕಿತು. ಕೇಂದ್ರ ಶಾಸನದ ಸಿಂಧುತ್ವವನ್ನು ಉಚ್ಚ ನ್ಯಾಯಾಲಯಗಳು ವಿಚಾರಿಸದಂತೆ ತಡೆಯಿತು. ರಾಜ್ಯ ಶಾಸನವನ್ನು ರದ್ದುಪಡಿಸಲು ಸಾಮಾನ್ಯವಾಗಿ ಐವರ ಪೀಠವೂ ಮೂರರಲ್ಲಿ ಎರಡು ಪಾಲಿನ ಬಹುಮತವೂ ಬೇಕೆಂದಿತು. ರಾಜ್ಯಘಟನೆಯ ತಿದ್ದುಪಡಿಯನ್ನು ಯಾವ ಕೋರ್ಟೂ ಪ್ರಶ್ನಿಸಲಾಗದೆಂದಿತು. ಬಡವನಿಗೆ ಉಚಿತ ಕಾನೂನಿನ ನೆರವು ದೊರೆಯಬೇಕೆಂಬ 39-ಎ ವಿಧಿಯನ್ನು ಸೇರಿಸಿದುದೂ ಇದೇ ತಿದ್ದುಪಡಿಯೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಒಂದು ಕೈಯಿಂದ ವಕೀಲನನ್ನು ಕೊಟ್ಟು ಮತ್ತೊಂದು ಕೈಯಿಂದ ನ್ಯಾಯಾಲಯವನ್ನು ಕಸಿದಂತಾಯಿತು.

1977ರ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದುವು. ಉಳಿದ ಎರಡರಲ್ಲಿ ಬೆಂಗಳೂರು ದಕ್ಷಿಣವು ಹೆಗ್ಡೆಯವರನ್ನು ಆರಿಸಿತು. ಅದೇ ಜುಲೈಯಲ್ಲಿ ಅವರು ಲೋಕಸಭೆಯ ಅಧ್ಯಕ್ಷರಾದರು. ಅವರು ಅಧ್ಯಕ್ಷಪೀಠದಲ್ಲಿದ್ದ ಕಾಲದಲ್ಲಿಯೇ 43 ಮತ್ತು 44ನೆಯ ತಿದ್ದುಪಡಿಗಳು ಅಂಗೀಕೃತವಾಗಿ ಉಚ್ಚ ನ್ಯಾಯಾಲಯಗಳ ಬಾಗಿಲು ಮತ್ತೆ ತೆರೆಯಿತು. ತುರ್ತುಪರಿಸ್ಥಿತಿಯಲ್ಲಿಯೂ ಪ್ರಾಣ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿಡಲಾಗದೆಂಬ ಕಟ್ಟು ಬಂದಿತು. ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ 1979ರ ಜೂನ್ 20ರಿಂದ ಹೊರಟುಹೋಗಿ 300-ಎ ವಿಧಿಯಾಗಿ ಉಳಿದುದೂ ಆ 44ನೆಯದರಿಂದಲೇ. ಗಣಿಗೂ ಕಾರ್ಖಾನೆಗೂ ಅಣೆಕಟ್ಟಿಗೂ ಭೂಮಿಯನ್ನು ಕೊಟ್ಟಿರುವ ನಮ್ಮ ಸೀಮೆಯ ರೈತರು ಇದರ ಅರ್ಥವನ್ನು ತಿಳಿದಿರಬೇಕು. ಕಾಯಿದೆಯ ಆಧಾರವಿಲ್ಲದೆ ಯಾರ ಭೂಮಿಯನ್ನೂ ಕಸಿಯುವಂತಿಲ್ಲ. ಆದರೆ ಅದಕ್ಕಾಗಿ ನೇರವಾಗಿ ದಿಲ್ಲಿಯ ಸುಪ್ರೀಂ ಕೋರ್ಟಿಗೆ ಹೋಗುವ ಮೂಲಭೂತ ಹಕ್ಕಿನ ದಾರಿಯಿಲ್ಲ, ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು.

1978ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಸದನವು ಹಕ್ಕುಚ್ಯುತಿಗಾಗಿ ಹೊರಹಾಕಿದಾಗಲೂ ಅಧ್ಯಕ್ಷರು ಹೆಗ್ಡೆಯವರೇ. ಬಹುಮತವು ಎದುರಾಳಿಯ ಸದಸ್ಯತ್ವವನ್ನು ತೆಗೆದುಹಾಕಿದ ಆ ದಿನವು ಸದನಕ್ಕೆ ಶೋಭೆ ತಂದಿತೆಂದು ನಾವು ಹೇಳಲಾರೆವು. ಬಹುಮತಕ್ಕೆ ಮಿತಿಯಿರಬೇಕೆಂದು ಸಾರಿದವರ ಚರಿತ್ರೆಯಲ್ಲಿ ಅದನ್ನು ಮುಚ್ಚಿಡುವುದೂ ಸರಿಯಲ್ಲ.

ಅವರು ಪೀಠದಲ್ಲಿದ್ದಾಗಲೇ, 1979ರಲ್ಲಿ, ನಿಟ್ಟೆಯ ವಿದ್ಯಾಸಂಸ್ಥೆಯ ಸ್ಥಾಪನೆಯಾಯಿತು. 1980ರಲ್ಲಿ ಅಧ್ಯಕ್ಷಪದವಿಯನ್ನು ಬಿಟ್ಟ ಬಳಿಕ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರಲ್ಲಿ ಒಬ್ಬರಾಗಿದ್ದರು. 1990ರ ಮೇ 24ರಂದು ದಿವಂಗತರಾದರು. ಅವರ ಪುತ್ರ ಸಂತೋಷ ಹೆಗ್ಡೆಯವರು ಕರ್ನಾಟಕದ ಲೋಕಾಯುಕ್ತರಾಗಿ 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಸಲ್ಲಿಸಿದ ವರದಿಯನ್ನು ಸಂಡೂರು-ಹೊಸಪೇಟೆಗಳವರು ಮರೆತಿರಲಾರರು.

ಹೆಗ್ಡೆಯವರು ಕಳೆದುಕೊಂಡ ಆ ಒಂದು ವರ್ಷದ ಪದವಿಯ ಲಾಭವು ಯಾರಿಗೆ ಸಂದಿತೆಂದು ವಿಚಾರಿಸಿದರೆ, ಇಂದಿಗೂ ಒಬ್ಬೊಂಟಿಯಾಗಿ ನ್ಯಾಯಾಲಯದ ಮುಂದೆ ನಿಲ್ಲುವ ದಾವೆಗಾರನಿಗೇ ಎನ್ನಬೇಕಾಗುತ್ತದೆ. ಆದುದರಿಂದ ಅಂಥವನು ತಡವರಿಸಿ ಮಾತನಾಡಿದಾಗ ಗದರಿಸದೆ ಕೇಳುವುದು ಅಧಿಕಾರಿಗಳ ಧರ್ಮ. ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿಯನ್ನು ಅವನಿಗೆ ತೋರಿಸುವುದು ಓದುಬರಹ ಬಲ್ಲ ಪಟ್ಟಣಿಗರ ಧರ್ಮ. ಇವೆರಡು ನಡೆದರೆ ಹೆಗ್ಡೆಯವರ ಸ್ಮರಣೆಗೆ ಅದಕ್ಕಿಂತ ಹೆಚ್ಚಿನ ಉತ್ಸವವು ಬೇಕಿಲ್ಲವೆಂದು ನಾವು ನಂಬುತ್ತೇವೆ.