ಬೂದಿಕೋಟೆಯ ಹೈದರಾಲಿ ಮತ್ತು ಹಡಗುಗಳು

ಹೈದರಾಲಿ ಹುಟ್ಟಿದ್ದು ನಮ್ಮ ಪಕ್ಕದ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, 1720ರ ಆಸುಪಾಸಿನಲ್ಲಿ. ತಂದೆ ಫತೇ ಮಹಮ್ಮದ್ ಸಿರಾ ಸೀಮೆಯ ಫೌಜುದಾರ. ಮಗ ಚಿಕ್ಕವನಿದ್ದಾಗಲೇ ಯುದ್ಧದಲ್ಲಿ ಮಡಿದ. ಹುಡುಗ ಓದುಬರಹ ಕಲಿಯಲಿಲ್ಲ. ಲಕ್ಕೂರಿನ ಶಾಲೆಯಲ್ಲಿ ಈ ಪಾಠ ಓದುವಾಗ ನನಗೆ ಅದೇ ದೊಡ್ಡ ಬೆರಗು. ಈಗ ಬೆರಗು ಬೇರೊಂದರ ಮೇಲೆ. ತುಂಬಿದ ಕೆರೆ ಕಂಡರೆ ಹಿಗ್ಗುವ ಸೀಮೆ ನಮ್ಮದು. ಇಲ್ಲಿ ಹುಟ್ಟಿದವನು ಕಡಲಿಗೆ ಹಡಗು ಇಳಿಸಿದ.

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಮಾಡಿದ ಮೇಲೆ ಅವನ ಏಳಿಗೆ ನಿಲ್ಲಲಿಲ್ಲ. 1761ರ ಹೊತ್ತಿಗೆ ಮೈಸೂರಿನ ಅಧಿಕಾರವೆಲ್ಲ ಅವನ ಕೈಯಲ್ಲಿತ್ತು. ಒಡೆಯರು ಹೆಸರಿಗೆ ಅರಸರು. ಮರುವರ್ಷ ರಷ್ಯಾದಲ್ಲಿ ಎರಡನೇ ಕ್ಯಾಥರೀನ್ ಪಟ್ಟಕ್ಕೆ ಬಂದಳು. ಅವಳು 1767ರಲ್ಲಿ ಹೊಸ ಕಾನೂನು ಬರೆಯಲೆಂದು ದೇಶದ ನಾನಾ ಕಡೆಯ ಪ್ರತಿನಿಧಿಗಳನ್ನು ಕೂಡಿಸಿದಳು. ಕಾನೂನು ಗ್ರಂಥ ಮಾತ್ರ ಹೊರಬರಲಿಲ್ಲ. ಹೈದರ್ ಅಂಥ ಸಭೆ ಕರೆದವನಲ್ಲ. ಕಾಗದಪತ್ರ ಓದಿಸಿ ಕೇಳುತ್ತಿದ್ದ, ಅಲ್ಲೇ ತೀರ್ಪು ಹೇಳುತ್ತಿದ್ದ. ಹಣ ತಿಂದ ಅಧಿಕಾರಿಗೆ ಚಾಟಿಯೇಟು. ಎಷ್ಟೇ ದೊಡ್ಡವನಾದರೂ ಬಿಡುತ್ತಿರಲಿಲ್ಲ. ರೈತನಿಗೆ ಇದರಿಂದ ಒಂದಿಷ್ಟು ನೆಮ್ಮದಿ ಸಿಕ್ಕಿರಬಹುದು. ಆದರೆ ತೀರ್ಪು ತಪ್ಪಾದರೆ ಮೊರೆಯಿಡಲು ಇನ್ನೊಂದು ಬಾಗಿಲಿರಲಿಲ್ಲ.

1763ರಲ್ಲಿ ಬಿದನೂರು ಗೆದ್ದಾಗ ಅದರೊಡನೆ ಮಂಗಳೂರಿನ ಬಂದರೂ ದಕ್ಕಿತು. ಅಲ್ಲಿ ಹಡಗು ಕಟ್ಟಿಸಿದ. ಕಣ್ಣಾನೂರಿನ ಅಲಿ ರಾಜನನ್ನು ನೌಕಾಪಡೆಗೆ ಮುಖ್ಯಸ್ಥನನ್ನಾಗಿ ಮಾಡಿದ. ಅಲಿ ರಾಜ ಮಾಲ್ಡೀವ್ಸ್ ಗೆದ್ದು ಅಲ್ಲಿನ ಸುಲ್ತಾನನ ಕಣ್ಣು ಕೀಳಿಸಿ ತಂದನೆಂದೂ, ಹೈದರ್ ಸಿಟ್ಟಾಗಿ ಅವನನ್ನು ಕೆಲಸದಿಂದ ತೆಗೆದನೆಂದೂ ಒಂದು ಕತೆಯಿದೆ.

ಮುಂದೆ ಆದದ್ದು ನನಗೆ ಹೆಚ್ಚು ಮುಖ್ಯ. ಹಡಗುಗಳ ಮೇಲೆ ಹೈದರ್ ಕುದುರೆ ದಂಡಿನ ಅಧಿಕಾರಿ ಲುತ್ಫ್ ಅಲಿ ಬೇಗನನ್ನು ತಂದು ಕೂರಿಸಿದ. ನಂಬಿಕೆಯ ಮನುಷ್ಯ, ಸರಿ. ನೀರಿನ ಕಸುಬು ಅವನದಲ್ಲ. ಅಲೆಯ ಮೇಲೆ ಬೆಳೆದ ಕಪ್ತಾನರಿಗೆ ಇದು ನುಂಗಲಾರದ ತುತ್ತಾಯಿತು. 1768ರಲ್ಲಿ ಬೊಂಬಾಯಿಯ ಇಂಗ್ಲಿಷರು ಮಂಗಳೂರಿನ ಮೇಲೆ ಬಂದಾಗ ಆ ಕಪ್ತಾನರು ಹಡಗುಗಳ ಸಮೇತ ಎದುರಾಳಿಯ ಕಡೆ ಸೇರಿದರು. ಊರನ್ನು ಹೈದರ್ ಕೆಲವೇ ತಿಂಗಳಲ್ಲಿ ಮರಳಿ ಪಡೆದ. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ಮುಳಬಾಗಿಲಿನ ಬಂಡೆಗಳ ನಡುವೆ ಇಂಗ್ಲಿಷರೊಡನೆ ಕಾದಿದ. ಮುಂದಿನ ವರ್ಷ ಮದರಾಸಿನ ಹೊಸ್ತಿಲಿಗೇ ಹೋಗಿ ಸಂಧಿ ಮಾಡಿಸಿಕೊಂಡ. ನೆಲದ ಮೇಲೆ ಅವನೇ ಮುಂದೆ ನಿಲ್ಲುತ್ತಿದ್ದ. ಕಡಲಿನಲ್ಲಿ ಅವನ ಪರವಾಗಿ ನಿಲ್ಲುವವರನ್ನು ಅವನು ಬೆಳೆಸಲಿಲ್ಲ. ಆ ಹೊತ್ತಿಗೆ ಕ್ಯಾಥರೀನಳ ನೌಕಾಪಡೆಯಲ್ಲಿ ಹೊರದೇಶದ ನಾವಿಕರಿಗೂ ದೊಡ್ಡ ಹುದ್ದೆಗಳಿದ್ದವು. 1770ರಲ್ಲಿ ಅದು ಚೆಸ್ಮೆಯಲ್ಲಿ ತುರ್ಕರ ಹಡಗುಗಳನ್ನು ಸುಟ್ಟಿತು.

ಹೈದರ್ ಮತ್ತೆ ಹಡಗು ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಅವನ್ನೂ ನಾಶ ಮಾಡಿದ. ಎರಡು ವರ್ಷದ ಮೇಲೆ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ತೀರಿಕೊಂಡ. ದೇಹವನ್ನು ಮೊದಲು ಕೋಲಾರಕ್ಕೆ ತಂದು, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ತಂದೆ ಫತೇ ಮಹಮ್ಮದನ ಸಮಾಧಿ ಕೋಲಾರದ ಮಖಬರಾದಲ್ಲೇ ಇದೆ.