ಮೇಜರ್ ಸಂದೀಪ್ ಬದುಕು ಮತ್ತು ನಮ್ಮ ಹೊಣೆ

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಕಾಲೇಜಿಗೋ ಕೆಲಸಕ್ಕೋ ಓಡಾಡುವವರಿಗೆ ಯಲಹಂಕ ಚಿರಪರಿಚಿತ. ಅಲ್ಲಿ ದೊಡ್ಡಬಳ್ಳಾಪುರ ರಸ್ತೆಯಿಂದ ಎಂ.ಎಸ್. ಪಾಳ್ಯದ ಕಡೆಗೆ ಹೋಗುವ ರಸ್ತೆಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿಡಲಾಗಿದೆ. ವಿಳಾಸ ಹೇಳಲು ಆ ಹೆಸರನ್ನು ಬಳಸುವವರು ಬಹಳ ಮಂದಿ. ಅವರ ಬದುಕನ್ನು ಬಲ್ಲವರು ನನ್ನ ವಯಸ್ಸಿನವರಲ್ಲಿ ಕಡಿಮೆ. ಅವರು ಹುತಾತ್ಮರಾದಾಗ ನಾವಿನ್ನೂ ಅಂಗನವಾಡಿಯ ಮಕ್ಕಳು.

ಪದವಿ ಮುಗಿಸಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಓದುತ್ತಿರುವ ನನಗೆ ಪ್ರಬಂಧದ ತಯಾರಿಯಲ್ಲಿ ಭಯೋತ್ಪಾದನೆ ನಿಗ್ರಹದ ವಿಷಯ ಪದೇಪದೇ ಎದುರಾಗುತ್ತದೆ. ಗೈಡ್‌ಗಳಲ್ಲಿ ಕಾನೂನು, ಗುಪ್ತಚರ, ಗಡಿ ಭದ್ರತೆ ಎಂಬ ಪಟ್ಟಿ ಸಿಗುತ್ತದೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಿದ್ದಕ್ಕಿಂತ ಈ ಅಧಿಕಾರಿಯ ಜೀವನ ಓದಿದ ಮೇಲೆಯೇ ನನಗೆ ವಿಷಯ ಚೆನ್ನಾಗಿ ಅರ್ಥವಾಯಿತು.

ಸಂದೀಪ್ ಹುಟ್ಟಿದ್ದು 1977ರ ಮಾರ್ಚ್ 15ರಂದು. ಕುಟುಂಬದ ಮೂಲ ಕೇರಳದ ಕೋಯಿಕ್ಕೋಡ್, ನೆಲೆ ಬೆಂಗಳೂರು. ತಂದೆ ಇಸ್ರೊ ಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದರು. ಮನೆಗೆ ಒಬ್ಬನೇ ಮಗ. ಬೆಂಗಳೂರಿನ ಫ್ರಾಂಕ್ ಆಂಟನಿ ಪಬ್ಲಿಕ್ ಸ್ಕೂಲ್‌ನಲ್ಲಿ ಓದಿದ ಅವರಿಗೆ ಚಿಕ್ಕಂದಿನಿಂದಲೂ ಸೇನೆಯದೇ ಕನಸು. ಶಾಲೆಗೂ ಸೈನಿಕರಂತೆ ಕೂದಲು ಕತ್ತರಿಸಿಕೊಂಡು ಹೋಗುತ್ತಿದ್ದರಂತೆ. 1995ರಲ್ಲಿ ಪುಣೆ ಸಮೀಪದ ಖಡಕವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಿದರು. 1999ರ ಜುಲೈ 12ರಂದು, ಕಾರ್ಗಿಲ್ ಯುದ್ಧ ನಡೆಯುತ್ತಿದ್ದಾಗಲೇ, ಬಿಹಾರ್ ರೆಜಿಮೆಂಟ್‌ನ 7ನೇ ಬೆಟಾಲಿಯನ್‌ಗೆ ಲೆಫ್ಟಿನೆಂಟ್ ಆಗಿ ನೇಮಕಗೊಂಡರು.

ಮಲಯಾಳಿ ಮನೆಯ, ಬೆಂಗಳೂರಿನಲ್ಲಿ ಬೆಳೆದ ಹುಡುಗ ಬಿಹಾರದ ಹೆಸರಿನ ರೆಜಿಮೆಂಟ್‌ನಲ್ಲಿ ಅಧಿಕಾರಿಯಾದ ಈ ಸಂಗತಿಯನ್ನು ನೆನಪಿಡಿ. ಮುಂದೆ ಇದರ ಮಾತು ಬರುತ್ತದೆ.

ಸೇನೆಯಲ್ಲಿ ಜಮ್ಮು–ಕಾಶ್ಮೀರ, ರಾಜಸ್ಥಾನ ಮುಂತಾದ ಕಡೆ ಅವರು ದುಡಿದರು. ನಮ್ಮ ಬೆಳಗಾವಿಯ ಕಮಾಂಡೊ ವಿಭಾಗದಲ್ಲಿ ನಡೆಯುವ ಅತಿ ಕಠಿಣವಾದ ಘಾತಕ್ ತರಬೇತಿಯಲ್ಲಿ ಮೊದಲಿಗರಾದರು. 2007ರಲ್ಲಿ ರಾಷ್ಟ್ರೀಯ ಭದ್ರತಾ ಪಡೆಗೆ, ಅಂದರೆ ಎನ್‌ಎಸ್‌ಜಿಗೆ ಆಯ್ಕೆಯಾಗಿ 51ನೇ ವಿಶೇಷ ಕಾರ್ಯಪಡೆ ಸೇರಿದರು.

2008ರ ನವೆಂಬರ್ 26ರ ರಾತ್ರಿ ಲಷ್ಕರ್–ಎ–ತಯಬಾದ ಹತ್ತು ಉಗ್ರರು ಸಮುದ್ರದ ಮೂಲಕ ಮುಂಬೈಗೆ ನುಗ್ಗಿದರು. ಸಿಎಸ್‌ಟಿ ರೈಲು ನಿಲ್ದಾಣ, ಕಾಮಾ ಆಸ್ಪತ್ರೆ, ಲಿಯೋಪೋಲ್ಡ್ ಕೆಫೆ, ಟ್ರೈಡೆಂಟ್–ಒಬೆರಾಯ್, ನಾರಿಮನ್ ಹೌಸ್ ಹಾಗೂ ತಾಜ್ ಹೋಟೆಲ್‌ಗಳಲ್ಲಿ ಗುಂಡಿನ ಮಳೆಗರೆದರು. ಆ ದಾಳಿಯಲ್ಲಿ 166 ಮಂದಿ ಪ್ರಾಣ ಕಳೆದುಕೊಂಡರು. ಎನ್‌ಎಸ್‌ಜಿ ನೆಲೆ ಇದ್ದದ್ದು ದೂರದ ಹರಿಯಾಣದ ಮಾನೇಸರದಲ್ಲಿ. ಅಲ್ಲಿಂದ ದೆಹಲಿಗೆ, ದೆಹಲಿಯಿಂದ ವಿಮಾನದಲ್ಲಿ ಮುಂಬೈಗೆ ಬಂದು ಕಾರ್ಯಾಚರಣೆಗೆ ಇಳಿಯುವ ಹೊತ್ತಿಗೆ ಬೆಳಗಾಗಿತ್ತು.

ತಾಜ್ ಹೋಟೆಲ್‌ನೊಳಗೆ ಹೊಕ್ಕ ಕಮಾಂಡೊ ತಂಡಗಳಲ್ಲಿ ಒಂದಕ್ಕೆ ಸಂದೀಪ್ ನಾಯಕ. ಕತ್ತಲು, ಹೊಗೆ, ನೂರಾರು ಕೋಣೆಗಳು. ಯಾವ ಬಾಗಿಲ ಹಿಂದೆ ಅತಿಥಿ, ಯಾವ ಬಾಗಿಲ ಹಿಂದೆ ಉಗ್ರ ಎಂಬುದು ತೆರೆದ ಮೇಲೆಯೇ ಗೊತ್ತಾಗುವ ಸ್ಥಿತಿ. ಕಾದಾಟದಲ್ಲಿ ತಂಡದ ಸುನಿಲ್ ಯಾದವ್ ಅವರಿಗೆ ಗುಂಡು ತಗುಲಿತು. ಸಂದೀಪ್ ಮೊದಲು ಗಾಯಾಳುವನ್ನು ಹೊರಗೆ ಕಳಿಸುವ ವ್ಯವಸ್ಥೆ ಮಾಡಿದರು. ಸಂಗಡಿಗರು ಅಪಾಯಕ್ಕೆ ಸಿಲುಕದಂತೆ ತಡೆದು ತಾವೇ ಉಗ್ರರ ಬೆನ್ನುಹತ್ತಿದರು. ನವೆಂಬರ್ 28ರಂದು ಹುತಾತ್ಮರಾದಾಗ ಅವರಿಗೆ 31 ವರ್ಷ. ಹೆಬ್ಬಾಳದ ಚಿತಾಗಾರದಲ್ಲಿ ಸೇನಾ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. 2009ರ ಗಣರಾಜ್ಯೋತ್ಸವದಂದು ಮರಣೋತ್ತರ ಅಶೋಕ ಚಕ್ರ ಪ್ರದಾನವಾಯಿತು.

ಈ ಸಾವಿನಿಂದ ದೇಶ ಪಾಠ ಕಲಿತಿತೇ? ಒಂದಿಷ್ಟು ಕಲಿತಿದೆ. ಭಯೋತ್ಪಾದನೆ ಪ್ರಕರಣಗಳ ತನಿಖೆಗೆಂದೇ 2008ರ ಡಿಸೆಂಬರ್‌ನಲ್ಲಿ ಸಂಸತ್ತು ಎನ್‌ಐಎ ಕಾಯ್ದೆಯನ್ನು ಅಂಗೀಕರಿಸಿತು. ಕಮಾಂಡೊಗಳು ಮತ್ತೆ ತಡವಾಗಿ ತಲುಪುವಂತಾಗಬಾರದೆಂದು 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತದಲ್ಲಿ ಎನ್‌ಎಸ್‌ಜಿ ಕೇಂದ್ರಗಳು ಆರಂಭವಾದವು. ಕರ್ನಾಟಕ ಪೊಲೀಸರಲ್ಲಿ ‘ಗರುಡ’ ಪಡೆ ರೂಪುಗೊಂಡಿತು.

ಇಷ್ಟರಿಂದಲೇ ದೇಶ ಸುರಕ್ಷಿತವಾಗದು. ಅದೇ ರಾತ್ರಿ ಸಿಎಸ್‌ಟಿಯಲ್ಲಿ ಅನೌನ್ಸರ್ ಆಗಿದ್ದ ವಿಷ್ಣು ಝೆಂಡೆ ಗುಂಡಿನ ಸದ್ದಿನ ನಡುವೆಯೂ ಮೈಕ್ ಬಿಡದೆ, ಪ್ರಯಾಣಿಕರಿಗೆ ಹೊರಹೋಗುವ ದಾರಿ ಹೇಳುತ್ತಲೇ ಇದ್ದರು. ಬಂದೂಕಿಲ್ಲದ ಪೊಲೀಸ್ ತುಕಾರಾಂ ಓಂಬ್ಳೆ ಕಸಬ್‌ನ ರೈಫಲ್‌ನ ನಳಿಗೆಯನ್ನು ಹಿಡಿದು, ಗುಂಡೇಟು ತಿಂದರೂ ಬಿಡಲಿಲ್ಲ. ಕಸಬ್ ಜೀವಂತವಾಗಿ ಸಿಕ್ಕಿದ್ದರಿಂದಲೇ ಸಂಚಿನ ಬೇರು ತಿಳಿಯಿತು. ಇನ್ನೊಂದೆಡೆ, ಟಿ.ವಿ. ವಾಹಿನಿಗಳು ಕಾರ್ಯಾಚರಣೆಯನ್ನು ನೇರ ಪ್ರಸಾರ ಮಾಡಿದವು. ಗಡಿಯಾಚೆ ಕುಳಿತವರು ಅದನ್ನು ನೋಡಿಕೊಂಡೇ ಉಗ್ರರಿಗೆ ಫೋನಿನಲ್ಲಿ ಸೂಚನೆ ಕೊಟ್ಟರು. ಸುಪ್ರೀಂ ಕೋರ್ಟ್ 2012ರ ತೀರ್ಪಿನಲ್ಲಿ ಈ ನೇರ ಪ್ರಸಾರವನ್ನು ಕಟುವಾಗಿ ಟೀಕಿಸಿತು. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ. ಪೊಲೀಸರ ಓಡಾಟವನ್ನು ಚಿತ್ರೀಕರಿಸಿ ಸ್ಟೇಟಸ್‌ಗೆ ಹಾಕುವವರು ಆ ತೀರ್ಪನ್ನು ನೆನೆಯಬೇಕು.

ಇದೆಲ್ಲ ಮುಂಬೈ, ದೆಹಲಿಯ ಮಾತು, ನಮ್ಮೂರಿಗೇನು ಸಂಬಂಧ ಎನ್ನುವಂತಿಲ್ಲ. ಪಶ್ಚಿಮ ಬಂಗಾಳದ ಬರ್ದ್ವಾನ್‌ನಲ್ಲಿ 2014ರಲ್ಲಿ ನಡೆದ ಸ್ಫೋಟ ಪ್ರಕರಣದ ಆರೋಪಿಯೊಬ್ಬನನ್ನು ಎನ್‌ಐಎ 2019ರ ಜೂನ್‌ನಲ್ಲಿ ಬಂಧಿಸಿದ್ದು ದೊಡ್ಡಬಳ್ಳಾಪುರದಲ್ಲೇ. ನಮ್ಮದು ಮಗ್ಗಗಳ ಊರು. ಪವರ್‌ಲೂಮ್, ಗಾರ್ಮೆಂಟ್ಸ್ ಕೆಲಸಕ್ಕೆ ಹೊರರಾಜ್ಯದವರು ಬರುತ್ತಾರೆ, ಬಾಡಿಗೆ ರೂಮು ಹುಡುಕುತ್ತಾರೆ. ಅಂಥ ಸುದ್ದಿ ಬಂದಾಗ ಹೊರಗಿನವರಿಗೆ ಮನೆಯೇ ಕೊಡಬಾರದೆಂಬ ಮಾತು ನಮ್ಮ ಬೀದಿಯಲ್ಲೂ ಏಳುತ್ತದೆ.

ನಮ್ಮ ಮನೆಯ ಹಿಂಭಾಗದಲ್ಲೂ ಬಾಡಿಗೆಯ ಎರಡು ರೂಮುಗಳಿವೆ. ಕಳೆದ ವರ್ಷ ಬಿಹಾರದ ಇಬ್ಬರು ಹುಡುಗರು ಕೇಳಿಕೊಂಡು ಬಂದಾಗ ಅಪ್ಪ ಹಿಂದೇಟು ಹಾಕಿದರು. ಆಗ ನಾನು ಹೇಳಿದ್ದು ಸಂದೀಪ್ ಅವರ ರೆಜಿಮೆಂಟ್‌ನ ವಿಷಯ. ಬೆಂಗಳೂರಿನ ಅಧಿಕಾರಿ ಬಿಹಾರ್ ರೆಜಿಮೆಂಟ್‌ನವರನ್ನು ನಂಬಿದರು, ಅವರು ಈ ಅಧಿಕಾರಿಯನ್ನು ನಂಬಿದರು. ಹೀಗೆ ಒಬ್ಬರನ್ನೊಬ್ಬರು ನಂಬಿದ್ದರಿಂದಲೇ ಗಡಿ ಕಾಯಲು ಆಯಿತು. ಊರು, ಭಾಷೆ, ಧರ್ಮ ನೋಡಿ ಎಲ್ಲರನ್ನೂ ಅನುಮಾನಿಸಿದರೆ ನಾವು ಒಡೆದುಹೋಗುತ್ತೇವೆ, ಉಗ್ರರಿಗೆ ಬೇಕಾದದ್ದೂ ಅದೇ. ಹಾಗೆಂದು ಕಣ್ಣುಮುಚ್ಚಿ ಕೀಲಿ ಕೊಡುವುದೂ ಸರಿಯಲ್ಲ. ಆಧಾರ್ ಪ್ರತಿ, ಫೋಟೊ, ಊರಿನ ವಿಳಾಸ, ಕೆಲಸ ಮಾಡುವ ಕಡೆಯ ಫೋನ್ ನಂಬರ್ ಪಡೆದು, ಒಂದು ಪ್ರತಿಯನ್ನು ಠಾಣೆಗೆ ಕೊಟ್ಟು ರೂಮು ಕೊಟ್ಟೆವು. ಈ ನಿಯಮ ಕನ್ನಡದ ಬಾಡಿಗೆದಾರನಿಗೂ ಒಂದೇ ಎಂದು ಅಪ್ಪನೇ ತೀರ್ಮಾನಿಸಿದರು.

ಗೆಳೆಯರೇ, ನಮ್ಮಲ್ಲಿ ಎಲ್ಲರೂ ಕಮಾಂಡೊ ಆಗಲಾರೆವು. ಬಸ್ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟದೆ 112ಕ್ಕೆ ಕರೆ ಮಾಡಬಹುದು. ದ್ವೇಷ ಹುಟ್ಟಿಸುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಮುಂದಕ್ಕೆ ಕಳಿಸದೆ ಅಳಿಸಬಹುದು. ನಮ್ಮ ಆಧಾರ್, ಸಿಮ್, ಬ್ಯಾಂಕ್ ಖಾತೆಯನ್ನು ಹಣದಾಸೆಗೆ ಇನ್ನೊಬ್ಬರ ಕೈಗೆ ಕೊಡದಿರಬಹುದು. ಕೆಲಸ ಸಿಗದ ಹತಾಶೆಯಲ್ಲಿ ಗೆಳೆಯನೊಬ್ಬ ಉಗ್ರವಾದದ ಮಾತಿಗೆ ಕಿವಿಗೊಡುತ್ತಿದ್ದರೆ, ಕೈಮೀರುವ ಮೊದಲೇ ಅವನ ಜತೆ ಕೂತು ಮಾತನಾಡಬಹುದು. ಇವುಗಳಿಗೆ ಪದಕ ಸಿಗುವುದಿಲ್ಲ. ಆದರೆ ಇಷ್ಟನ್ನು ನಾವು ಮಾಡಿದರೆ ಇನ್ನೊಬ್ಬ ಸಂದೀಪ್ ಅಂಥ ಕತ್ತಲೆಯ ಕೋಣೆಗೆ ನುಗ್ಗಬೇಕಾದ ಸಂದರ್ಭ ಕಡಿಮೆಯಾಗುತ್ತದೆ.